ಮಂದಿಯ ಮುಹೂರ್ತ

ಮಗಳ ಸಾಖರಪುಡಾ ಕಾರ್ಯವನ್ನು ಪದ್ಮವ್ವ ಎರಡು ರೈಲುಗಳ ನಡುವೆ ಮುಗಿಸಿಬಿಟ್ಟಳು. ಖಾನಾಪುರದಿಂದ ಬೀಗರನ್ನು ಹೊತ್ತು ತರುವ ಪ್ಯಾಸೆಂಜರ್ ಗಾಡಿ ಬೆಳಗಾವಿ ಮುಟ್ಟುವುದು ಊಟದ ಹೊತ್ತು ಮೀರಿದ ಮೇಲೆ. ಮರಳಿ ಹೋಗುವ ಗಾಡಿ ಹೊರಡುವುದು ಬಿಸಿಲು ಇಳಿಯುವ ಮೊದಲೇ. ಆ ನಡುವೆ ಹುಡುಗಿಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಸಕ್ಕರೆಯ ಪೊಟ್ಟಣ ಕೈಬದಲಾಯಿಸಿ, ಒಗ್ಗರಣೆ ಅವಲಕ್ಕಿ ಮತ್ತು ಚಹಾ ಕೊಟ್ಟರೆ ನಿಶ್ಚಯ ಆದಂತೆಯೇ. ಊಟ ಹಾಕುವ ಪ್ರಮೇಯವೇ ಇಲ್ಲ. ಬೀಗರು ‘ಇಷ್ಟ್ಯಾಕ ಗಡಿಬಿಡಿ’ ಎನ್ನುವಷ್ಟರಲ್ಲಿ ಗಂಡ ಸೋಮಲಿಂಗ ಬಾಗಿಲ ಮುಂದೆ ಆಟೋ ತಂದು ನಿಲ್ಲಿಸಿದ್ದ.

ಅನಗೋಳದ ಓಣಿಯವರು ಇದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕರು. ನಗಲಿ ಬಿಡಿ. ಪದ್ಮವ್ವನ ಕೈ ಬಿಗಿ ಎನ್ನುವುದು ಸುಳ್ಳೇನಲ್ಲ, ಆದರೆ ಅದು ಯಾಕೆ ಬಿಗಿಯಾಯಿತೆಂದು ಕೇಳಿದ ಪುಣ್ಯಾತ್ಮರು ಒಬ್ಬರೂ ಇಲ್ಲ. ಆಕೆಯ ಮದುವೆಗೆ ಅಪ್ಪ ಮಾಯಪ್ಪ ತನ್ನ ಕುರಿ ಹಿಂಡನ್ನೆಲ್ಲ ಮಾರಿ ಊರಿಗೇ ಹೋಳಿಗೆ ತುಪ್ಪ ಉಣಿಸಿದ್ದ. ಮರುವರ್ಷ ಅವೇ ಕುರಿಗಳನ್ನು, ಕೊಂಡವನ ಆಳಾಗಿ, ಮೇಯಿಸಲು ಹೋದ. ತವರಿಗೆ ಹೋದ ಮಗಳನ್ನು ಕಂಡು ಆತ ನಾಚಿ ಕುರಿಗಳ ಮರೆಗೆ ಸರಿದು ನಿಂತದ್ದನ್ನು ಪದ್ಮವ್ವ ಜನ್ಮದಲ್ಲಿ ಮರೆತಿರಲಿಲ್ಲ. ಮದುವೆ ಎಂಬ ಒಂದು ದಿನದ ಗದ್ದಲಕ್ಕೆ ತನ್ನ ಮನೆಯಿಂದ ಏನೂ ಕಳೆದುಹೋಗಬಾರದು ಎಂದು ಅವತ್ತೇ ನಿರ್ಧರಿಸಿದ್ದಳು.

ಮನೆಯಲ್ಲಿ ಇದ್ದವರು ನಾಲ್ಕೇ ಜನ. ಸೋಮಲಿಂಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ತಾಯಿ ಲಗಮವ್ವನಿಗೆ ಕಣ್ಣು ಮಂಜಾಗಿ, ಕಿವಿ ಮಾತ್ರ ಚುರುಕಾಗಿ ಉಳಿದಿತ್ತು. ಒಬ್ಬಳೇ ಮಗಳು ಮಾಯಾ ಬಿ.ಎ. ಮುಗಿಸಿ ಟಿಳಕವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚಿಕ್ಕಪ್ಪನ ಮಗಳು ಬಿಟ್ಟ ಲಂಗ, ಓಣಿಯವರು ಓದಿ ಕೊಟ್ಟ ಪುಸ್ತಕ, ಇವುಗಳಲ್ಲೇ ಬೆಳೆದ ಹುಡುಗಿ. ಕೇಳಿ ಬೇಡಿ ಹಟ ಮಾಡಿದವಳಲ್ಲ. ಮದುಮಗ ಗುರುಸಿದ್ದ ಹಲಸಿಯ ಕನ್ನಡ ಶಾಲೆಯಲ್ಲಿ ಮಾಸ್ತರ, ಮನೆ ಖಾನಾಪುರದಲ್ಲಿ. ಲಗ್ನವನ್ನು ಅಲ್ಲೇ ಇಟ್ಟುಕೊಂಡರೆ ಬೀಗರ ಕಡೆಯವರನ್ನು ಹೊತ್ತು ತರುವ ಖರ್ಚು ಉಳಿಯುತ್ತದೆ ಎಂದು ಪದ್ಮವ್ವ ಗಂಡನನ್ನು ಕಟ್ಟಿಕೊಂಡು ಖಾನಾಪುರಕ್ಕೆ ಮಂಗಲ ಕಾರ್ಯಾಲಯ ನೋಡಲು ಹೋದಳು.

ಕಾರ್ಯಾಲಯ ನೋಡಿಕೊಳ್ಳುತ್ತಿದ್ದ ಕರೆಪ್ಪ ಮೊದಲು ದರ ಹೇಳಿದ. ಪದ್ಮವ್ವ ಎದ್ದು ನಿಂತಳು. ಆಗ ಅವನು ದನಿ ತಗ್ಗಿಸಿದ.

“ಕುಂದರ್ರಿ ವೈನ್ಯಾರ. ವೈಶಾಖದ ಆಗಿ ಹುಣ್ಣಿಮಿ ಹಿಂದಿನ ದಿನ ಒಂದ ತಾರೀಖ ಐತಿ. ಕಾರ್ಯಾಲಯ, ಮಂಡಪ, ಅಡಗಿಯವರು, ವಾಜಂತ್ರಿ, ಎಲ್ಲಾದಕೂ ರೊಕ್ಕ ಮುಟ್ಟೇತಿ. ನೀವು ಬರೇ ಕಿರಾಣಿ ಸಾಮಾನ ತಂದ್ರ ಆತು.”

“ಯಾರ ಕೊಟ್ಟಾರ ರೊಕ್ಕ?”

“ಹೆಂಚಿನ ಕಾರ್ಖಾನಿ ಕೃಷ್ಣಾಜಿರಾಯರು. ಅವರ ಮಗಳ ಲಗ್ನ ಇತ್ರಿ ಅವತ್ತ. ಒಬ್ಬಾಕಿನ ಮಗಳು. ಕಾಮಣಿ ಬ್ಯಾನಿ ಆಗಿ ಸಂಕ್ರಮಣದ ಮುಂದ ಹೋಗಿಬಿಟ್ಲು.”

“ಮತ್ತ ರೊಕ್ಕ ವಾಪಸ್ ಕೇಳಿಲ್ಲೇನು?”

“ಇಲ್ರಿ. ಆ ತಾಯಿ ಕುಂದಾಬಾಯಿ ಒಂದ ಮಾತ ಹೇಳ್ಯಾರ. ಆ ದಿನ ಖಾಲಿ ಬಿಡಬ್ಯಾಡ, ಯಾವದರ ಹುಡುಗೀದು ಲಗ್ನ ಆಗಲಿ. ಅಕ್ಷತಾ ಬೀಳೂಮುಂದ ತಾವೂ ಒಂದ ಬಾಜು ನಿಂದರತಾರಂತ. ಅಷ್ಟ.”

ಸೋಮಲಿಂಗ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಸತ್ತ ಹುಡುಗಿ ಮುಹೂರ್ತ, ಪದ್ಮಾ.”

“ನಿಮ್ಮ ಡಿಪೋದ ಬಸ್ಸಿನ್ಯಾಗ ಯಾರ್ಯಾರೋ ಕೂತ ಹೋಗಿರ್ತಾರ. ಅದರಾಗ ಎಷ್ಟ ಮಂದಿ ಸತ್ತಾರೋ ಏನೋ. ಹಂಗಂತ ಬಸ್ ಹತ್ತೂದ ಬಿಡತೀರೇನು?” ಎಂದು ಪದ್ಮವ್ವ ಅಲ್ಲೇ ಕರೆಪ್ಪನ ಕೈಗೆ ತೆಂಗಿನಕಾಯಿ ಕೊಟ್ಟು ಮಾತು ಗಟ್ಟಿ ಮಾಡಿದಳು.

ಮನೆಯಲ್ಲಿ ಲಗಮವ್ವ ಇದನ್ನು ಕೇಳಿ ತಾಟು ಸರಿಸಿದಳು. “ಉಣ್ಣದ ಎದ್ದ ಹ್ವಾದಾಕಿ ತಾಟದು. ಅದರ ಮುಂದ ನಮ್ಮ ಹುಡುಗೀನ್ನ ಕುಂದರಸಬ್ಯಾಡ.”

“ತಾಟ ತೊಳದ್ರ ಆತು, ಅತ್ಯಾರ. ಸಾರ ಆರತೈತಿ, ಉಣ್ರಿ.”

ಯುಗಾದಿ ಮುಗಿದ ವಾರದಲ್ಲಿ ಕುಂದಾಬಾಯಿ ತಾನಾಗಿಯೇ ಅನಗೋಳಕ್ಕೆ ಬಂದಳು. ಮಟಮಟ ಮಧ್ಯಾಹ್ನ. ಪದ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳನ್ನು ಕಳೆದುಕೊಂಡವಳು, ಅಳುತ್ತಾಳೆ, ಸಮಾಧಾನ ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತ ಪದ್ಮವ್ವ ಹೊರಗೆ ಬಂದರೆ, ಬಂದಾಕೆ ನಗುತ್ತಿದ್ದಳು. ಲಗ್ನದ ಮನೆಯವರ ಮುಖದಲ್ಲಿ ಇರುತ್ತದಲ್ಲ, ಸುಸ್ತಾದ, ತೃಪ್ತಿಯ ನಗೆ, ಅದು. ಕೈಯಲ್ಲಿ ದೊಡ್ಡದೊಂದು ಚೀಲ.

“ಹುಡುಗಿ ಎಲ್ಲಿ?” ಎಂದಳು.

ಮಾಯಾ ಒಳಗಿನಿಂದ ಬಂದು ನಮಸ್ಕರಿಸಿದಳು. ಕುಂದಾಬಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಷ್ಟ ಎತ್ತರ,” ಎಂದು ತನಗೆ ತಾನೇ ಹೇಳಿಕೊಂಡು, ಚೀಲದಿಂದ ಜರಿಯಂಚಿನ ಶಾಲು ಸೀರೆಯನ್ನೂ ಹೊಲಿಸಿದ ಕುಪ್ಪಸವನ್ನೂ ತೆಗೆದಳು. “ಹಾಕ್ಕೊಂಡ ಬಾ, ಬಾಳಾ,” ಎಂದಳು, ಮರಾಠಿಯಲ್ಲಿ ಮಗುವನ್ನು ಕರೆಯುವಂತೆ.

ಕುಪ್ಪಸ ಅವಳ ಮೈಗೇ ಅಳತೆ ತೆಗೆದು ಹೊಲಿದಂತಿತ್ತು. ಪದ್ಮವ್ವ ಹಿಗ್ಗಿನಿಂದ ಹತ್ತಿರ ಹೋಗಿ ಮುಟ್ಟಿ ನೋಡಿದಳು. ಬಟ್ಟೆ ಹಿಡಿದಾಗ ಎಡತೋಳು ಬೆರಳಗಲ ಗಿಡ್ಡವಿದೆಯೆಂದು ಗೊತ್ತಾಯಿತು.

“ಟೇಲರ್ ಕೆಡಿಸ್ಯಾನಲ್ರಿ.”

“ಇಲ್ರಿ. ನಮ್ಮ ರಾಧಿಕಾ ಸಣ್ಣಾಕಿದ್ದಾಗ ಗೇರ ಗಿಡದ ಮ್ಯಾಲಿಂದ ಬಿದ್ದು ಎಡಗೈ ಮುರಕೊಂಡಿದ್ಲು. ಕೈ ಜರಾ ಡೊಂಕ ಕೂಡ್ತು. ಅದಕ್ಕ ಆ ಕಡೆ ತೋಳ ಗಿಡ್ಡ ಹೊಲಸತಿದ್ವಿ.”

ಪದ್ಮವ್ವ ಮಗಳ ಕಡೆ ತಿರುಗಿದಳು. ಗಿಡ್ಡ ತೋಳೂ ಉದ್ದ ತೋಳೂ ಅವಳ ಕೈಮೇಲೆ ಒಂದೇ ಮಟ್ಟಕ್ಕೆ ಬಂದು ನಿಂತಿದ್ದವು. “ಮಾಯಾ, ಕೈ ನೆಟ್ಟಗ ಬಿಡ.”

“ನೆಟ್ಟಗ ಬಿಟ್ಟೀನಲ್ಲ, ಯವ್ವಾ.”

ಪದ್ಮವ್ವ ಮಗಳ ಎರಡೂ ಕೈ ಜೋಡಿಸಿ ಅಳೆಯಲು ಹೋದಳು. ಆದರೆ ಅದರ ಹಿಂದೆಯೇ ಮತ್ತೊಂದು ವಿಚಾರ ಓಡಿ ಬಂತು: ಸೀರೆ ಉಳಿಯಿತು, ಹೊಲಿಗೆ ಉಳಿಯಿತು. ಅಳೆಯುವುದನ್ನು ಅಲ್ಲಿಗೇ ಬಿಟ್ಟಳು. ಕುಂದಾಬಾಯಿ ಹಸಿವಾಗಿದೆಯೆಂದು ತಾನೇ ಕೇಳಿ ಕುಳಿತು ಉಂಡಳು. ಮಾಯಾ ಬಡಿಸಿದಷ್ಟೂ ಬೇಡವೆನ್ನದೆ ಉಂಡಳು. ಲಗಮವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಹೋಗುವಾಗ ಕುಂದಾಬಾಯಿ ಕೊಟ್ಟ ಪೇಡೆಯನ್ನು ಅಂಗೈಯಲ್ಲೇ ಇಟ್ಟುಕೊಂಡಿದ್ದು, ಆಮೇಲೆ ಓಣಿಯ ನಾಯಿಗೆ ಹಾಕಿದಳು. ನಾಯಿ ಮೂಸಿ ನೋಡಿ ಬಿಟ್ಟು ಹೋಯಿತು.

ಮುಂದಿನ ವಾರ ಖಾನಾಪುರದಿಂದ ಟೆಂಪೋ ಬಂತು. ಹಂಡೆ, ಕೊಡ, ಡಬ್ಬಿ, ತಾಟು, ತಂಬಿಗೆ, ಪರಾತ. ಸಂಸಾರಕ್ಕೆ ಬೇಕಾದ ಭಾಂಡೆಗಳೆಲ್ಲ ಹೊಸ ಕಾಗದದಲ್ಲಿ ಸುತ್ತಿಕೊಂಡು ಬಂದವು. ಮಗಳಿಗೆ ಭಾಂಡೆ ಕೊಡಿಸುವ ಚಿಂತೆಯಲ್ಲಿ ತಿಂಗಳಿಂದ ಅಂಗಡಿ ಅಂಗಡಿ ಅಲೆದು ಬರಿಗೈಯಲ್ಲಿ ಬಂದಿದ್ದ ಪದ್ಮವ್ವ ನಡುಮನೆಯಲ್ಲಿ ಕೂತು ಒಂದೊಂದನ್ನೇ ಬಿಚ್ಚಿದಳು. ಪ್ರತಿಯೊಂದರ ಅಂಚಿಗೂ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿದ್ದರು: ಸೌ. ರಾಧಿಕಾ.

“ಹೆಸರ ಬ್ಯಾರೆ ಐತಲ್ಲ,” ಎಂದ ಸೋಮಲಿಂಗ.

“ಹೆಸರಿನ್ಯಾಗ ನೀರ ಸೋರತೈತೇನು?” ಎಂದಳು ಪದ್ಮವ್ವ.

ಮಾಯಾ ಆ ರಾಶಿಯಿಂದ ಒಂದು ತಂಬಿಗೆಯನ್ನು ಎತ್ತಿಕೊಂಡು ನೀರು ತುಂಬಿ ಕುಡಿದಳು. ಅಂದಿನಿಂದ ಮನೆಯಲ್ಲಿ ಬೇರೆ ಯಾವುದರಲ್ಲೂ ಅವಳು ನೀರು ಕುಡಿಯಲಿಲ್ಲ.

ರವಿವಾರ ಬಂದರೆ ಮಾಯಾ ಖಾನಾಪುರಕ್ಕೆ ಹೋಗುವುದು ರೂಢಿಯಾಯಿತು. ಮೊದಲು ಬಳೆಯ ಅಳತೆಗೆಂದು, ಆಮೇಲೆ ಚಪ್ಪಲಿಗೆಂದು, ಆಮೇಲೆ ಸುಮ್ಮನೆ. ಕುಂದಾಬಾಯಿಯನ್ನು ಮೊದಲಿಗೆ ‘ಮಾವಶಿ’ ಎನ್ನುತ್ತಿದ್ದವಳು ಎರಡು ಮೂರು ವಾರದಲ್ಲಿ ‘ಆಯಿ’ ಎನ್ನತೊಡಗಿದಳು. ಮರಾಠಿಯವರು ಹೆತ್ತವಳನ್ನು ಹಾಗೆ ಕರೆಯುತ್ತಾರೆ. ಪದ್ಮವ್ವ ಕೇಳಿಯೂ ಕೇಳದಂತಿದ್ದಳು. ಮಾತಿಗೇನು ಖರ್ಚು!

ಒಂದು ಸೋಮವಾರ ಮಾಯಾ, ಖಾನಾಪುರದಲ್ಲಿ ರಾತ್ರಿ ಉಳಿದು, ಸೆರಗಿನಲ್ಲಿ ಹಸಿ ಗೇರುಬೀಜ ಕಟ್ಟಿಕೊಂಡು ಬಂದಳು. ಹಸಿ ಗೇರಿನ ಸೊನೆ ತಾಗಿದರೆ ಬೆರಳು ಸುಟ್ಟು ಸಿಪ್ಪೆ ಏಳುತ್ತದೆ. ಅನಗೋಳದ ಆ ಮನೆಯಲ್ಲಿ ಅದನ್ನು ಯಾರೂ ಒಡೆದವರಲ್ಲ. ಪದ್ಮವ್ವ ನೋಡುತ್ತಿದ್ದಂತೆಯೇ ಮಾಯಾ ಬೆರಳಿಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡು, ಈಳಿಗೆ ಮೆಟ್ಟಿ, ಕಣ್ಣು ಕಿಟಕಿಯ ಕಡೆ ಇಟ್ಟುಕೊಂಡೇ ಸರಸರನೆ ಬೀಜ ಸೀಳಿ, ತಿರುಳು ಬಿಡಿಸಿ, ಕೊಬ್ಬರಿ ಅರೆದು ಉಸಳಿ ಮಾಡಿಬಿಟ್ಟಳು. ಸೋಮಲಿಂಗ ಎರಡು ಸಲ ಹಾಕಿಸಿಕೊಂಡ.

ಎರಡು ದಿನ ಬಿಟ್ಟು ಹಸಿರು ಬಳೆ ಕೊಡಲು ಬಂದ ಕುಂದಾಬಾಯಿಗೆ ಪದ್ಮವ್ವ ಹೇಳಿದಳು: “ಉಸಳಿ ಮಾಡೂದ ಚಲೋ ಕಲಿಸೀರಿ ಬಿಡ್ರಿ ನಮ್ಮ ಹುಡುಗಿಗೆ.”

ಕುಂದಾಬಾಯಿಯ ಕಣ್ಣು ಅಗಲವಾದವು. “ನಾ ಎಲ್ಲಿ ಕಲಿಸೀನಿ? ಆಕಿನ ಒಲಿ ಮುಂದ ಹೋಗಿ ಮಾಡಿದ್ಲು. ನನಗ ಬಡಿಸಿ, ‘ಆಯಿ, ಉಪ್ಪ ಸರಿ ಆಗೇತೇನು’ ಅಂತ ಕೇಳಿದ್ಲು. ಮೊದಲೂ ಹಂಗ ಕೇಳ್ತಿದ್ಲು.”

“ಮೊದಲು ಅಂದ್ರ?”

ಕುಂದಾಬಾಯಿ ನಕ್ಕು ಬಳೆಯ ಡಬ್ಬಿ ಬಿಚ್ಚಿದಳು. ಪದ್ಮವ್ವ ಮತ್ತೆ ಕೇಳಲಿಲ್ಲ. ಬಳೆಗಾರನ ಖರ್ಚೂ ಆಕೆಯದೇ ಆಗಿತ್ತು.

ಕಿರಾಣಿ ಸಾಮಾನಿನ ಮಾತಿಗಾಗಿ ಪದ್ಮವ್ವ ಒಮ್ಮೆ ಮಗಳ ಜೊತೆ ಖಾನಾಪುರಕ್ಕೆ ಹೋದಳು. ಕರೆಪ್ಪನನ್ನು ಕಂಡು, ಅಲ್ಲಿಂದ ಕುಂದಾಬಾಯಿಯ ಮನೆಗೆ. ಕೆಂಪು ಹೆಂಚಿನ ದೊಡ್ಡ ಮನೆ, ಅಂಗಳದಲ್ಲಿ ಗೇರುಮರ. ಗೇಟು ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿತ್ತು. ಮಾಯಾ ಎಡಗೈಯಿಂದ ಅದರ ಕೆಳಗಿನ ಸರಳನ್ನು ಹಿಡಿದು, ಚೂರು ಎತ್ತಿ, ಮೊಣಕಾಲಿನಿಂದ ನೂಕಿದಳು. ಅದು ಸದ್ದಿಲ್ಲದೆ ತೆರೆಯಿತು. ಎದುರು ಮನೆಯ ಮುದುಕಿಯೊಬ್ಬಳು ಬಾಗಿಲಿನಿಂದ, “ರಾಧಾ, ಕಧೀ ಆಲೀಸ?” ಎಂದು ಕೂಗಿದಳು. ಯಾವಾಗ ಬಂದೆ ಎಂದು ಕೇಳಿದ್ದು. “ಆತ್ತಾಚ, ಆಜೀ,” ಈಗಷ್ಟೇ ಎಂದು ಉತ್ತರಿಸಿ ಮಾಯಾ ಒಳಗೆ ನಡೆದಳು. ಮುದುಕಿಯೂ ಒಳಗೆ ಹೋದಳು, ಇದರಲ್ಲಿ ವಿಶೇಷವೇನೂ ಇಲ್ಲವೆನ್ನುವಂತೆ. ಪದ್ಮವ್ವ ಗೇಟಿನ ಸರಳನ್ನು ತಾನೂ ಒಮ್ಮೆ ಎತ್ತಿ ನೋಡಿ, ಮಗಳ ಹಿಂದೆ ಹೋದಳು.

ಒಳಗೆ ಗೋಡೆಯ ಮೇಲೆ ಹಿರಿಯರ ಫೋಟೋಗಳಿದ್ದವು, ಹಾರಗಳಿದ್ದವು. ಸತ್ತ ಹುಡುಗಿಯ ಫೋಟೋ ಎಲ್ಲೂ ಇರಲಿಲ್ಲ. ಮಾಯಾ ಅಡುಗೆಮನೆಗೆ ಹೋಗಿ, ಯಾವ ಡಬ್ಬಿಯಲ್ಲಿ ಏನಿದೆಯೆಂದು ಕೇಳದೆ, ಎಲ್ಲರಿಗೂ ಚಹಾ ಮಾಡಿ ತಂದಳು. ತಾಯಿಯ ಮುಂದೆ ಕಪ್ಪು ಇಡುವಾಗ, “ತೊಗೋರಿ,” ಎಂದಳು.

ಹೊರಡುವಾಗ ಕುಂದಾಬಾಯಿಯ ಗಂಡ ಕೃಷ್ಣಾಜಿ ಮರದ ಕೆಳಗೆ ಪದ್ಮವ್ವನನ್ನು ತಡೆದ. ಗಡ್ಡ ಬೆಳೆದ ಮುಖ, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ.

“ಬಾಯಾರ, ನಿಮಗ ಬೇಕಾದ್ದ ಎಲ್ಲಾ ತೊಗೊಂಡ ಹೋಗ್ರಿ. ಆದರ ಹುಡುಗೀನ್ನ ಇಲ್ಲಿಗಿ ಕಳಸಬ್ಯಾಡ್ರಿ.”

“ಯಾಕ್ರಿ?”

“ನಮ್ಮಾಕಿ ಮಗಳ ಹ್ವಾದಮ್ಯಾಲ ಒಂದ ತುತ್ತ ಉಂಡಾಕಿ ಅಲ್ಲ. ನಿಮ್ಮ ಹುಡುಗಿ ಬಂದ ದಿನಾ ಅಷ್ಟ ಉಣತಾಳ. ನನಗೂ ಮೊದಮೊದಲ ಚಲೋ ಅನಸ್ತು. ಆದರ ಹ್ವಾದ ವಾರ ನಾ ಹೊರಗಿಂದ ಬಂದಾಗ...” ಅವನು ಮನೆಯ ಕಡೆ ಹೊರಳಿ ನೋಡಿದ. “ಅಡಗಿ ಮನ್ಯಾಗ ಹಾಡಾಕತ್ತಿದ್ದಾಕಿ ದನಿ ಯಾರದು ಅಂತ ನನಗ ಗೊತ್ತೈತ್ರಿ. ನಾ ಹಡದ ಅಪ್ಪ.”

ಪದ್ಮವ್ವ ಹೂಂ ಎಂದಳು. ರೈಲಿನಲ್ಲಿ ಕಿಟಕಿಗೆ ಒರಗಿ ಆ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ದೇಸೂರು ದಾಟುವಷ್ಟರಲ್ಲಿ ಅವಳಿಗೆ ಅದರ ಅರ್ಥ ಹೊಳೆದಿತ್ತು: ಹೆಂಡತಿ ಕೈಬಿಚ್ಚಿ ಕೊಡುತ್ತಿರುವುದನ್ನು ಈ ಗಂಡಸಿಗೆ ಸಹಿಸಲಾಗುತ್ತಿಲ್ಲ, ಮುಂದೆ ಬಂಗಾರವೂ ಹೋದೀತೆಂದು ಹೆದರಿದ್ದಾನೆ, ಅದಕ್ಕೇ ಈ ನಾಟಕ. ತನ್ನ ಬುದ್ಧಿಯನ್ನೇ ಆ ಬಡಪಾಯಿಗೂ ತೊಡಿಸಿ ಪದ್ಮವ್ವ ನಿರಾಳವಾದಳು. ಎದುರಿನ ಸೀಟಿನಲ್ಲಿ ಮಾಯಾ ಎಡಗೈಯನ್ನು ಹೊಟ್ಟೆಗೆ ಮಡಚಿಟ್ಟುಕೊಂಡು ನಿದ್ದೆ ಹೋಗಿದ್ದಳು.

ಲಗ್ನ ಇನ್ನೇನು ಬಂತೆನ್ನುವಾಗ ಗುರುಸಿದ್ದನ ತಾಯಿ ಪ್ರಮಿಳಾ ಭಾಂಡೆ ನೋಡಿ ಹೋಗಲು ಬಂದಳು. ಹಂಡೆಯನ್ನು ಬಾರಿಸಿ ನೋಡಿದಳು, ತಾಟುಗಳನ್ನು ತೂಗಿ ನೋಡಿದಳು, ಬಲು ಖುಷಿಯಾದಳು. ಚಹಾ ಕುಡಿಯುತ್ತ ಮಾತು ತೆಗೆದಳು.

“ನಮ್ಮ ಕಡೆ ಲಗ್ನದಾಗ ಸೊಸಿ ಹೆಸರ ಬದಲಸ್ತೀವ್ರಿ, ಬೀಗ್ತಿಯಾರ. ಗೊತ್ತಲ್ಲ? ತಾಟಿನ್ಯಾಗ ಅಕ್ಕಿ ಹಾಕಿ ಹುಡುಗ ಉಂಗರದಿಂದ ಹೊಸ ಹೆಸರ ಬರೀತಾನ. ಏನ ಇಡೂದು ಅಂತ ವಿಚಾರ ಮಾಡಾಕತ್ತಿದ್ವಿ. ಭಾಂಡೆ ಮ್ಯಾಲ ಹೊಡಿಸಿ ಬಿಟ್ಟೈತಿ, ರಾಧಿಕಾ ಅಂತನ ಇಟ್ರಾತು. ಕುಂದಾಬಾಯಿನೂ ಭಾಳ ಕೇಳ್ಕೊಂಡ್ರು. ಹುಡುಗಗ ಚೈನ್ ಹಾಕ್ತಾರಂತ.”

ಲಗಮವ್ವ ಕಟ್ಟೆಯಿಂದಲೇ ಗುಡುಗಿದಳು: “ಸತ್ತಾಕಿ ಹೆಸರ ಬಾಳೂ ಹುಡುಗಿಗೆ ಇಡತೀರೇನು? ನಿಮ್ಮ ಮನ್ಯಾಗ ಹಿರ್ಯಾರು ಯಾರೂ ಇಲ್ಲೇನು?”

“ಅತ್ಯಾರ, ಸುಮ್ನಿರ್ರಿ,” ಎಂದಳು ಪದ್ಮವ್ವ. ಒಳಗೊಳಗೆ ಅವಳಿಗೂ ಕಸಿವಿಸಿಯಾಗಿತ್ತು. ಆದರೆ ಅಳಿಯನಿಗೆ ಹಾಕಬೇಕಾದ ಚೈನಿಗಾಗಿ ಸೋಮಲಿಂಗ ಡಿಪೋದ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಕೊಡುವವನಿದ್ದ. ಅದು ತಪ್ಪಿತಲ್ಲ. ಆಕೆ ಬೀಗತಿಗೆ ಇನ್ನೊಂದು ಕಪ್ ಚಹಾ ಬಗ್ಗಿಸಿದಳು.

ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಸ್ವಚ್ಛ ಬಿಸಿಲಿನ ಸಂಜೆ, ಮಾಯಾ ಅಂಗಡಿಯಿಂದ ಮನೆಗೆ ಬಂದಳು. ಕಟ್ಟೆಯ ಮೇಲಿದ್ದ ಲಗಮವ್ವ ಮೈಮೇಲೆ ಸೆರಗು ಎಳೆದುಕೊಂಡು, “ಯಾರ್ರಿ? ಯಾರ ಬೇಕಾಗಿತ್ತು?” ಎಂದಳು.

“ಅಜ್ಜಿ, ನಾನು.”

“ನಾನು ಅಂದ್ರ ಯಾರವಾ?”

ಪದ್ಮವ್ವ ಒಳಗಿನಿಂದ ಬೈದಳು: “ಮಾಯಾ ಅದಾಳಲ್ರಿ. ಕಣ್ಣ ಕಾಣದಿದ್ರ ಕಿವೀನೂ ಹೋತೇನು?”

“ಕಿವಿ ಇರೂದಕ್ಕ ಕೇಳಾಕತ್ತೀನಿ. ನಮ್ಮ ಮಾಯಾ ಹುಟ್ಟಿದಾಗಿಂದ ಆಕಿ ಹೆಜ್ಜಿ ಕೇಳೀನಿ ನಾ. ಈ ಹೆಜ್ಜಿ ಆಕೀದಲ್ಲ.” ಮುದುಕಿ ಗೋಡೆ ಹಿಡಿದು ಎದ್ದು ನಿಂತಳು. “ಪದ್ಮವ್ವಾ, ಒಳಗ ಯಾರ ಬಂದ್ರು?”

ಪದ್ಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಳದ ಹತ್ತಿರ ಕಾಲು ತೊಳೆಯುತ್ತಿದ್ದ ಮಗಳನ್ನು ಬೆನ್ನ ಹಿಂದಿನಿಂದ ಕರೆದಳು. “ಮಾಯಾ.” ಹುಡುಗಿ ಹೊರಳಲಿಲ್ಲ. ಮತ್ತೂ ಜೋರಾಗಿ ಕರೆದಳು. ಹೊರಳಲಿಲ್ಲ. ನಾಲಿಗೆಯ ತುದಿಗೆ ಆ ಇನ್ನೊಂದು ಹೆಸರು ಬಂದುಬಿಟ್ಟಿತ್ತು. ಪದ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕರೆದರೆ ಹೊರಳುತ್ತಾಳೆ ಎಂದು ಅವಳಿಗೆ ಖಾತ್ರಿಯಿತ್ತು, ಆ ಖಾತ್ರಿಗೇ ಅವಳು ಹೆದರಿದಳು.

ಅಂದು ಉಣ್ಣಲು ಕೂತಾಗ ಪದ್ಮವ್ವ ಜೀವಮಾನದಲ್ಲಿ ಆಡದ ಮಾತು ಆಡಿದಳು. “ಭಾಂಡೆ ಎಲ್ಲಾ ವಾಪಸ್ ಕಳಸೂಣು. ಸೀರೀನೂ ಕಳಸೂಣು. ರೊಕ್ಕ ಹ್ವಾದ್ರ ಹೋಗಲಿ, ನಾವ ಕೊಡಸೂಣು.”

ಸೋಮಲಿಂಗನ ತುತ್ತು ಕೈಯಲ್ಲೇ ಉಳಿಯಿತು. “ಎಲ್ಲಿಂದ ಕೊಡಸ್ತಿ? ಕಾರ್ಯಾಲಯ ಬಿಟ್ರ ಬ್ಯಾರೆ ಕಾರ್ಯಾಲಯ ಎಲ್ಲೈತಿ ಈಗ? ಲಗ್ನ ಎಂಟ ದಿನದಾಗ ಐತಿ.”

“ಸೊಸೈಟಿ ಸಾಲ ತಗೀರಿ.”

“ನೀನ ಹೇಳಾಕತ್ತೀಯೇನು ಇದನ್ನ?”

“ಕಡೀಕ ಹೆಸರರ ಅಳಸೂಣು. ಹೆಸರ ಬ್ಯಾರೆ ಇಡ್ರಿ ಅಂತ ಬೀಗರಿಗೆ ಹೇಳ್ತೀನಿ. ಮಾಯಾ, ನೀನರ ಹೇಳ. ನಿನಗ ಬ್ಯಾಡ ಅಂತ ಒಂದ ಮಾತ ಹೇಳ ಸಾಕು.”

ಮಾಯಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಅಳಸಬ್ಯಾಡ, ಯವ್ವಾ.”

“ಯಾಕ?”

“ಹುಟ್ಟಿದಾಗಿಂದ ಮಂದಿ ಬಿಟ್ಟ ಅರಿವೀನ ಹಾಕ್ಕೊಂಡ ಬೆಳದೀನಿ. ಮಂದಿ ಪುಸ್ತಕಾನ ಓದೀನಿ. ಒಂದರ ನಂದಂತ ಹೊಸಾದ ಇತ್ತೇನು ಈ ಮನ್ಯಾಗ? ಈಗ ಮಂದಿ ಹೆಸರ ಹಾಕ್ಕೊಂಡ್ರ ಏನಾತು? ಅದೂ ಅಳತಿಗಿ ಸರಿ ಆಗೇತಿ.”

ಸಿಟ್ಟಿನಿಂದ ಹೇಳಿದ್ದರೆ ಪದ್ಮವ್ವ ತಿರುಗಿ ಬಯ್ಯಬಹುದಿತ್ತು. ಹುಡುಗಿ ಶಾಂತವಾಗಿ ಹೇಳಿ, ಉಂಡು, ತಾಟು ತೊಳೆದಿಟ್ಟು ಎದ್ದುಹೋದಳು. ಮಾತು ನಿಜವಾಗಿತ್ತು, ಅದೇ ಕಷ್ಟ. ಮರುದಿನ ಸೋಮಲಿಂಗ ಸಾಲದ ಮಾತು ಎತ್ತಿದಾಗ ಪದ್ಮವ್ವ ಬಡ್ಡಿ ಎಷ್ಟೆಂದು ಕೇಳಿದಳು. ಅವನು ಹೇಳಿದ. ಆಕೆ ಬೆರಳು ಮಡಚಿ ಲೆಕ್ಕ ಹಾಕಿ, “ನೋಡೂಣು,” ಎಂದಳು. ಆ ನೋಡೋಣ ಅಲ್ಲಿಗೇ ಮುಗಿಯಿತು.

ಲಗ್ನದ ದಿನ ಖಾನಾಪುರದ ಕಾರ್ಯಾಲಯ ಕಿಕ್ಕಿರಿದಿತ್ತು. ಊಟದ ಖರ್ಚು ಹಿಡಿತದಲ್ಲಿರಲೆಂದು ಪದ್ಮವ್ವ ತನ್ನ ಕಡೆಯವರನ್ನು ಒಂದು ಟೆಂಪೋದಲ್ಲಿ ಹಿಡಿಯುವಷ್ಟೇ ಕರೆದಿದ್ದಳು. ಹೆಣ್ಣಿನ ಕಡೆಯ ಕುರ್ಚಿಗಳಲ್ಲಿ ಕೂತವರೆಲ್ಲ ಕುಂದಾಬಾಯಿಯ ನೆಂಟರು. ಯಾರೂ ಅಳಲಿಲ್ಲ, ಯಾರೂ ಏನನ್ನೂ ಕೇಳಲಿಲ್ಲ. ಆಹೇರಿಯ ಉಡುಗೊರೆ ತಂದಿದ್ದರು, ಮಕ್ಕಳನ್ನು ತಂದಿದ್ದರು, ಶಾಲು ಸೀರೆ ಉಟ್ಟು ಬಾಸಿಂಗ ಕಟ್ಟಿಕೊಂಡ ಹುಡುಗಿಯ ಗಲ್ಲ ಹಿಡಿದು “ರಾಧಿಕಾ ಎಷ್ಟ ಸೊರಗ್ಯಾಳ, ಕಾಮಣಿ ಭಾಳ ಕಾಡ್ತಲ್ಲ,” ಎಂದು ಮುದ್ದಾಡಿದರು. ಹುಡುಗಿ ಹೌದೆಂದು ನಗುತ್ತಿದ್ದಳು. ಕೃಷ್ಣಾಜಿ ಒಬ್ಬನೇ ಗೇಟಿನ ಹೊರಗೆ, ಬಿಸಿಲಿನಲ್ಲಿ, ಒಳಗೆ ಬಾರದೆ ನಿಂತಿದ್ದ.

ಅಕ್ಷತೆ ಬಿದ್ದಿತು. ಅಕ್ಕಿಯ ತಾಟು ಬಂದಿತು. ಪದ್ಮವ್ವ ಮಂಟಪದ ಕಡೆ ನುಗ್ಗಿದಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ, ನಿಲ್ಲಿಸಬೇಕೆಂಬುದಷ್ಟೇ ಗೊತ್ತಿತ್ತು. ಯಾರೋ ಹೆಂಗಸು ಅವಳ ತೋಳು ಹಿಡಿದು ಹಿಂದಕ್ಕೆ ಸರಿಸಿದಳು.

“ಸ್ವಲ್ಪ ಸರೀರಿ ಬಾಯಾರ. ಹುಡುಗಿ ತಾಯಿಗೆ ಜಾಗಾ ಬಿಡ್ರಿ.”

“ನಾನ ಹುಡುಗಿ ತಾಯಿ.”

ಹೆಂಗಸು ಕರುಣೆಯಿಂದ ನೋಡಿ ನಕ್ಕಳು. ಕುಂದಾಬಾಯಿ ಆ ದಾರಿಯಲ್ಲಿ ಮುಂದೆ ಹೋಗಿ ಮದುಮಗಳ ಪಕ್ಕದಲ್ಲಿ ನಿಂತಳು. ಗುರುಸಿದ್ದ ಬಗ್ಗಿ ಉಂಗುರದಿಂದ ಅಕ್ಕಿಯ ಮೇಲೆ ಮೂರಕ್ಷರ ಗೀಚಿದ. ಸಕ್ಕರೆ ಹಂಚಿದರು. ಪದ್ಮವ್ವನ ಕೈಗೂ ಒಂದು ಚಿಟಿಕೆ ಹಾಕಿದರು.

ಊಟ ಮುಗಿದು ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಾಯಿತು. ಗಂಡಿನ ಸೋದರಮಾವ ಸಿದ್ದಪ್ಪ ಬಾಗಿಲಲ್ಲಿ ನಿಂತು, “ಹುಡುಗಿ ತಾಯಿ ಮುಂದ ಬರ್ರಿ,” ಎಂದು ಕೂಗಿದ. ಪದ್ಮವ್ವ ಈ ಸಲ ಮೊದಲೇ ಮುಂದೆ ನಿಂತಿದ್ದಳು. ತೋಳು ಚಾಚಿದಳು. ಮದುಮಗಳು ನಡೆದು ಬಂದಳು, ಆ ತೋಳನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಹಾದು ಹೋಗಿ, ಕುಂದಾಬಾಯಿಯ ಕೊರಳಿಗೆ ಬಿದ್ದು, “ಆಯೀ, ನಿನ್ನ ಬಿಟ್ಟ ಹೆಂಗ ಇರಲಿ” ಎಂದು ಗೋಳೋ ಎಂದು ಅತ್ತಳು. ಸುತ್ತಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಕುಂದಾಬಾಯಿ ಹುಡುಗಿಯ ಕೈಯನ್ನು ಪ್ರಮಿಳಾಳ ಕೈಯಲ್ಲಿಟ್ಟು, “ನನ್ನ ಮಗಳು. ನಿಮ್ಮ ಉಡ್ಯಾಗ ಹಾಕೀನಿ,” ಎಂದಳು.

ಆಮೇಲೆ ಮದುಮಗಳು ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ಬಂದಳು. ಪದ್ಮವ್ವನ ಕಾಲನ್ನೂ ಮುಟ್ಟಿದಳು. ಪದ್ಮವ್ವ ಅವಳ ಭುಜ ಹಿಡಿದು ಎತ್ತಿದಳು.

“ಮಾಯಾ. ನಾನವಾ. ನಿನ್ನ ಅವ್ವ.”

ಹುಡುಗಿ ಮುಖವೆತ್ತಿ ನೋಡಿದಳು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಸೇಡಿರಲಿಲ್ಲ. ಇದ್ದಿದ್ದರೆ ಪದ್ಮವ್ವ ಬದುಕಿಕೊಳ್ಳುತ್ತಿದ್ದಳು. ದೂರದಿಂದ ಬಂದ ಅತಿಥಿಯನ್ನು ಕಂಡಾಗ ಒಳ್ಳೆಯ ಮನೆಯ ಹುಡುಗಿಯ ಮುಖದಲ್ಲಿ ಇರುವ ಮರ್ಯಾದೆ ಮಾತ್ರ ಇತ್ತು.

“ನಿಮ್ಮಿಂದ ಭಾಳ ಉಪಕಾರ ಆತ್ರಿ, ಬಾಯಾರ,” ಎಂದಳು. “ಅನಗೋಳದಿಂದ ಇಷ್ಟ ದೂರ ನನ್ನ ಸಲುವಾಗಿ ಬಂದ್ರಿ. ನಿಮಗೂ ನನ್ನ ವಾರಿಗಿ ಮಗಳ ಅದಾಳಂತ ಆಯಿ ಹೇಳ್ತಿದ್ಲು. ಆಕಿ ಯಾಕ ಬರಲಿಲ್ರಿ?”

ಜೀಪಿನ ಹಾರ್ನ್ ಕೂಗಿತು. ಸೋಮಲಿಂಗ ಅತ್ತ ಭಾಂಡೆಗಳನ್ನು ಏರಿಸುವುದರಲ್ಲಿದ್ದ. ಜನರೆಲ್ಲ ಉತ್ತರಕ್ಕಾಗಿ ಪದ್ಮವ್ವನ ಮುಖವನ್ನೇ ನೋಡುತ್ತಿದ್ದರು. ಉತ್ತರ ಎಲ್ಲೂ ಹುಡುಕದೆ ತಾನಾಗಿಯೇ ಬಂತು.

“ಬರೂ ಹೋಗೂ ಖರ್ಚ ಭಾಳ ಆಗತೈತಂತ,” ಎಂದಳು, “ಆಕೀನ್ನ ಮನ್ಯಾಗ ಬಿಟ್ಟ ಬಂದೀನ್ರಿ.”

ಮದುಮಗಳು ಹೌದೆಂಬಂತೆ ತಲೆಯಾಡಿಸಿ, ಸೆರಗು ಸರಿಪಡಿಸಿಕೊಂಡು, ಜೀಪು ಹತ್ತಿದಳು.